ಎರಡು ವೇಳೆ, ರೆಂಡು ವೇಲೆ

ಇವತ್ತು ವೇಲಚೇರಿಯ ಆಫೀಸಿನಲ್ಲಿ ನನ್ನ ತೋಳಿಗೆ ಅಂಟಿದ್ದ ಕೆಂಪು ರೇಷ್ಮೆ ನೂಲೊಂದನ್ನು ಮ್ಯಾನೇಜರ್ ಮೇಡಂ ತೆಗೆದು ಮೇಜಿನ ಮೇಲಿಟ್ಟರು. ಲೆಕ್ಕ ಬರೆಯುವ ನಾನು ಬೆಳಿಗ್ಗೆ ಸಂಜೆ ಮನೆಯಲ್ಲಿ ರವಿಕೆ ಹೊಲಿದುಕೊಡುವುದು ಅವರ ಕಿವಿಗೆ ಬಿದ್ದಿತ್ತಂತೆ. ಊಟವಾದ ಮೇಲೆ ಬಂದು ಉತ್ತರ ಹೇಳಬೇಕು, ಹೊರಗಿನ ಕೆಲಸವಿದ್ದರೆ ಇಲ್ಲಿನದು ಹೋದೀತು ಎಂದರು. ಹೆದರಿಕೆಗಿಂತ ಮೊದಲು ನನಗೆ ನಗು ಬಂತು. ನಮ್ಮ ಮನೆಗೆ ಈ ಪ್ರಶ್ನೆ ಹೊಸದಲ್ಲ, ನೋಡಿ.

ನಮ್ಮಪ್ಪ ಹಗಲು ವಿಮಾ ಕಚೇರಿಯೊಂದರ ಗುಮಾಸ್ತ, ಸಂಜೆ ರಾಯಪುರಂನ ಮನೆಯಲ್ಲಿ ದರ್ಜಿ. ಹೊಲಿಗೆ ದಾವಣಗೆರೆಯ ಅಜ್ಜನಿಂದ ಕಲಿತದ್ದು. ಕಚೇರಿಯಲ್ಲಿ ವಿಮೆ ಮಾಡಿಸಿದವರ ಬಟ್ಟೆಯನ್ನು ಮಾತ್ರ ಜಪ್ಪಯ್ಯ ಅಂದರೂ ಮುಟ್ಟುತ್ತಿರಲಿಲ್ಲ. ಅಲ್ಲೇ ವಿಮೆ ಮಾಡಿಸಿದ್ದ ಪಕ್ಕದ ಮನೆಯ ಮಾಮಿ ಅದಕ್ಕೇ ವರ್ಷಗಟ್ಟಲೆ ಮುನಿಸಿಕೊಂಡಿದ್ದರು. "ನಾಳೆ ಆಕಿ ಕಾಗದ ನನ್ನ ಮೇಜಿಗೆ ಬಂದ್ರೆ, ಹೊಲಿದ ಕೈ ಸುಮ್ನಿರಂಗಿಲ್ಲ, ಆಕಿ ಕಡೀಗೇ ವಾಲ್ತೈತಿ" ಅನ್ನುತ್ತಿದ್ದ ಅಪ್ಪ.

ಯಾರೋ ಚಾಡಿ ಹೇಳಿ, ಒಂದು ದಿನ ಕಚೇರಿಯ ಅಧಿಕಾರಿ ಮನೆಗೇ ಬಂದರು. ಅಪ್ಪ ಇರಲಿಲ್ಲ. ಅವ್ವನ ತಮಿಳು ಆಗಿನ್ನೂ ಅಂಬೆಗಾಲಿಡುತ್ತಿತ್ತು. "ನಿಮ್ಮವರದು ರೆಂಡು ವೇಲೆಯಾ?" ಎಂದು ಅವರು ಕೇಳಿದ್ದು, ಎರಡು ಕೆಲಸವೇ ಎಂದು. ಅವ್ವನ ಕಿವಿಗೆ ಅದು ನಮ್ಮ 'ವೇಳೆ'. ಅಪ್ಪ ದಿನಾ ಎರಡು ಹೊತ್ತು ಮಾಡುವ ಶಿವಪೂಜೆಯ ವಿಚಾರ ಅಂದುಕೊಂಡು ಹಿಗ್ಗಿಬಿಟ್ಟಳು.

"ಆಮಾ ಸಾರ್, ದಿನಾ ರೆಂಡು ವೇಳೆ. ಒಂದಿನಾನೂ ತಪ್ಸಂಗಿಲ್ಲ."

ಅಧಿಕಾರಿ ಅದನ್ನು ತಪ್ಪೊಪ್ಪಿಗೆ ಎಂದೇ ತಿಳಿದರು, ಮರುದಿನ ಅಪ್ಪನಿಗೆ ಕರೆ ಬಂತು. ಕನ್ನಡ ಬಲ್ಲ ಸಹೋದ್ಯೋಗಿಯೊಬ್ಬರು ಅವ್ವನ ಮಾತಿನ ಎಡವಟ್ಟನ್ನು ಬಿಡಿಸಿ ಹೇಳಿದರಂತೆ. ಅಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕು, ಪೂಜೆಯಾದರೆ ನಮ್ಮದೇನೂ ತಕರಾರಿಲ್ಲ, ಹೋಗಿ ಎಂದರಂತೆ. ಅಪ್ಪ ಹೋಗಲಿಲ್ಲ. ಪೂಜೆಯೂ ಎರಡು ವೇಳೆ, ಕೆಲಸವೂ ಎರಡು. ಕಚೇರಿ ಬಾಗಿಲು ಹಾಕಿದ ಮೇಲೆ ನನ್ನ ಕೈ ನನ್ನದು ಎಂದು ನಿಂತ. ಬರಬೇಕಿದ್ದ ಬಡ್ತಿ ತಪ್ಪಿತು. "ಗೊತ್ತಿಲ್ದೆ ನಾನು ಉಳಿಸಿದ್ದೆ, ಗೊತ್ತಿದ್ದೂ ನೀವು ಕಳಕೊಂಡ್ರಿ" ಎಂದು ಅವ್ವ ಬಹಳ ದಿನ ಸಿಡುಕಿದಳು.

ನಾನು ಅಪ್ಪನ ಪಕ್ಷ. ನಮ್ಮ ಕಂಪನಿಯ ಯಜಮಾನರು ಇನ್ನೂ ಹಲವು ಕಂಪನಿಗಳ ಮಂಡಳಿಯಲ್ಲಿ ಕೂರುತ್ತಾರೆ, ಅದು ಅನುಭವವಂತೆ. ನಾನು ಹೊಲಿಗೆ ಯಂತ್ರ ತುಳಿದರೆ ದ್ರೋಹ! ಮನೆಗೆ ಹೋಗಿ ಅನ್ನ ಬೇಯಿಸಿ ಪಾತ್ರೆ ತಿಕ್ಕುತ್ತೇನಲ್ಲ, ಆ ಕೆಲಸದ ಬಗ್ಗೆ ಒಬ್ಬರೂ ವಿಚಾರಣೆ ಮಾಡಿಲ್ಲ. ಕಾಸು ಹುಟ್ಟಿದ ಕೂಡಲೇ ನೀತಿ ನೆನಪಾಗುತ್ತದೆ. ಆಫೀಸಿನ ಹೊತ್ತಿನಲ್ಲಿ ನಾನು ಸೂಜಿ ಮುಟ್ಟಿದವಳಲ್ಲ. ಆಫೀಸಿನವರ ಒಂದು ರವಿಕೆಯನ್ನೂ ಹೊಲಿದವಳಲ್ಲ. ಅಪ್ಪ ಎಳೆದ ಗೆರೆ ಅದು, ದಾಟಿಲ್ಲ.

ಊಟವಾದ ಮೇಲೆ ಹೋದೆ. ನೂಲು ಅಲ್ಲೇ ಇತ್ತು. ಮೇಡಂ ಕೆಟ್ಟವರಲ್ಲ, ಸುಮ್ಮನೆ ಹವ್ಯಾಸ ಅಂದುಬಿಡಿ, ಇಲ್ಲಿಗೇ ಮುಗಿಸೋಣ ಎಂದು ತಾವೇ ದಾರಿ ತೋರಿಸಿದರು. ಅಪ್ಪನಿಗೆ ತೆರೆದದ್ದೂ ಇದೇ ಬಾಗಿಲು. ನಾನು ಮೇಜಿನ ಮೇಲಿನ ನೂಲನ್ನು ಕೈಗೆತ್ತಿಕೊಂಡೆ.

"ಹವ್ಯಾಸ ಅಲ್ಲ, ಮೇಡಂ. ರೆಂಡು ವೇಲೆ."

ತೀರ್ಮಾನ ನಾಳೆ ಹೇಳುತ್ತಾರಂತೆ. ಹೇಳಲಿ. ನೂಲನ್ನು ಬೆರಳಿಗೆ ಸುತ್ತಿಕೊಂಡು ಬಂದೆ. ಮದುವೆ ಹುಡುಗಿಯೊಬ್ಬಳ ಕೆಂಪು ರೇಷ್ಮೆ ರವಿಕೆಗೆ ಇನ್ನೊಂದು ತೋಳು ಕೂರಿಸುವುದು ಬಾಕಿಯಿದೆ.