ಉದಗೀರದ ಗಾಡಿ ಕಾಯ್ದವಳು

ಪೊಲೀಸ್ ಆಕ್ಷನ್ ಆಗಿ ನಾಲ್ಕೈದು ವರ್ಷ ಕಳೆದಿತ್ತು. ನಮ್ಮ ಉದಗೀರ ಆಗಿನ್ನೂ ಬೀದರ ಜಿಲ್ಲೆಯಲ್ಲಿತ್ತು. ನಮಗೆಲ್ಲ ಶಹರ ಎಂದರೆ ಹೈದರಾಬಾದ. ಚಳಿಗಾಲದ ಒಂದು ಮಧ್ಯಾಹ್ನ ಹಿತ್ತಲಲ್ಲಿ ಕೂತು ತೊಗರಿಬೇಳೆ ಕೇರುತ್ತಿದ್ದೆ. ಅಡತಿ ಅಂಗಡಿಯಲ್ಲಿರಬೇಕಾದ ನಮ್ಮ ಮನೆಯವರು ಹೊತ್ತಲ್ಲದ ಹೊತ್ತಿನಲ್ಲಿ ಬಂದು ಬಾಗಿಲಲ್ಲೇ ನಿಂತರು. ಕೈಯಲ್ಲಿ ತಾರು, ಟೆಲಿಗ್ರಾಮು. ಹೈದರಾಬಾದದಲ್ಲಿದ್ದ ನನ್ನ ತಂಗಿ ಮಹಾದೇವಿ ಆ ಬೆಳಿಗ್ಗೆ ತೀರಿಕೊಂಡಿದ್ದಳು. ಜ್ವರ ಬಂದಿತ್ತಂತೆ. ಅವಳ ಗಂಡ ಬಸಪ್ಪ ದುಡಿಯುತ್ತಿದ್ದ ಅರಿವೆ ಅಂಗಡಿಯವರು ತಾರು ಕೊಟ್ಟಿದ್ದರು. ಬಸಪ್ಪ ಮಾಲು ತರಲು ಸೊಲ್ಲಾಪುರಕ್ಕೆ ಹೋಗಿದ್ದನಂತೆ.

ಮಹಾದೇವಿ ಪಂಚಮಿಗೆ ನಿಲಂಗಾದ ನಮ್ಮ ತವರಿಗೆ ಬಂದಾಗಲೆಲ್ಲ ಶಹರದ ಸುದ್ದಿ ಹೇಳಿ ದಣಿಯುತ್ತಿರಲಿಲ್ಲ. ನಳ, ಬೀದಿ ದೀಪ, ಎರಡಂತಸ್ತಿನ ಮೋಟಾರು. ನೆರೆಹೊರೆ ಹೆಂಗದರ ಎಂದು ನಾನು ಕೇಳಿದರೆ ನಗುತ್ತಿದ್ದಳು.

"ನಿಮ್ಮ ಮನ್ಯಾಗ ಇವತ್ತೇನು ಅಡಗಿ ಅಂತ ಅಲ್ಲಿ ಯಾರೂ ಕೇಳಂಗಿಲ್ಲ ನೋಡಕ್ಕಾ. ನಿನ್ನಂಥಾಕಿಗಿ ಎರಡು ದಿನದಾಗ ಹುಚ್ಚು ಹಿಡೀತದ."

ಸಂಜೆಯ ಗಾಡಿ ಹತ್ತಿ ಮರುದಿನ ಬೆಳಿಗ್ಗೆ ಇಳಿದೆವು. ಅಷ್ಟು ದೊಡ್ಡ ಸ್ಟೇಷನ್, ಅಷ್ಟು ಜನ. ಟಾಂಗಾ ಮಾಡಿಕೊಂಡು ಕೇಳುತ್ತ ಕೇಳುತ್ತ ಮನೆ ಮುಟ್ಟಿದೆವು. ಒಂದೇ ಅಂಗಳದ ಸುತ್ತ ಹತ್ತಿಪ್ಪತ್ತು ಖೋಲಿಗಳ ವಾಡೆ, ನಡುವೆ ಒಂದು ನಳ. ನಮ್ಮ ಊರಲ್ಲಿ ಸಾವಾದರೆ ಓಣಿಯೇ ಬಂದು ಕೂಡುತ್ತದೆ. ಅಲ್ಲಿ ಒಬ್ಬಾಕೆ ನಳದ ಕೆಳಗೆ ಪಾತ್ರೆ ತೊಳೆಯುತ್ತಿದ್ದಳು, ಒಬ್ಬ ಸೈಕಲ್ ಒರೆಸುತ್ತಿದ್ದ.

ಬಸಪ್ಪ ನಮಗಿಂತ ಮೊದಲೇ ಬಂದು ಮುಟ್ಟಿದ್ದ. ಮಠದಿಂದ ಅಯ್ಯನವರನ್ನು ಕರೆತಂದಿದ್ದ. ತಂಗಿಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ನಾನು ಅವಳ ಕಾಲು ಹಿಡಿದು ಅಳುತ್ತಿದ್ದಾಗ ಬಸಪ್ಪ ಬಗ್ಗಿ ಮೆಲ್ಲಗೆ ಹೇಳಿದ, "ಅಕ್ಕಾ, ಆಕಿ ಎದಿ ಮ್ಯಾಲ ಲಿಂಗ ಇಲ್ಲ."

ನನ್ನ ಅಳು ನಿಂತೇಹೋಯಿತು. ಹುಟ್ಟಿದ ಕೂಸಿಗೆ ಗುರುಗಳು ಕಟ್ಟಿದ ಲಿಂಗ ನಮ್ಮಲ್ಲಿ ಮೈಮೇಲಿಂದ ಇಳಿಯುವುದೇ ಇಲ್ಲ. ಮಣ್ಣು ಕೊಡುವಾಗ ಅದನ್ನೇ ಎಡಗೈಯಲ್ಲಿಟ್ಟು ಕಳಿಸುತ್ತೇವೆ. ಮಹಾದೇವಿಯ ಕೊರಳು ಬರಿದಾಗಿತ್ತು. ತಾಳಿಯಿಲ್ಲ, ಮೂಗುತಿಯಿಲ್ಲ, ಲಿಂಗವಿಟ್ಟ ಬೆಳ್ಳಿ ಕರಡಿಗೆಯೂ ಇಲ್ಲ.

ವಾಡೆಯವರನ್ನು ಕೇಳಿದೆವು. ಮೂಲೆಯ ಖೋಲಿಯ ಮುಸಲ್ಮಾನರ ಹೆಂಗಸು ರೋಗಿಯ ಹತ್ತಿರ ಕೂತಿದ್ದಳು, ಜೀವ ಹೋದ ಮೇಲೆ ಎಲ್ಲ ಅವಳೇ ಬಿಚ್ಚಿದಳು ಎಂದರು. ಮೂಲೆಯ ಖೋಲಿಗೆ ಬೀಗ ಬಿದ್ದಿತ್ತು. ಎಲ್ಲಿ ಹೋಗಿದ್ದಾಳೆ? ಗೊತ್ತಿಲ್ಲ. ಎಲ್ಲಿ ಕೆಲಸ? ಯಾವುದೋ ಕಾರಖಾನೆ. ಹೆಸರು? ಪಾತ್ರೆ ತೊಳೆಯುವವಳು ಸೈಕಲಿನವನ ಮುಖ ನೋಡಿದಳು. ಅವನಿಗೂ ಗೊತ್ತಿರಲಿಲ್ಲ.

ಬಿಸಿಲೇರಿತು. ಪೊಲೀಸರಿಗೆ ತಿಳಿಸೋಣ ಎಂದು ಮನೆಯವರು ಎರಡು ಸಲ ಎದ್ದು ಎರಡು ಸಲ ಕೂತರು. ಅಯ್ಯನವರು ನನ್ನ ಹತ್ತಿರ ಬಂದರು.

"ಇನ್ನ ತಡಾ ಮಾಡಬಾರದು ತಾಯಿ. ಮಠದಾಗಿಂದ ಬ್ಯಾರೆ ಲಿಂಗ ತರಸ್ತೀನಿ."

"ಅದು ಆಕಿ ಕೂಡ ಬೆಳದಿದ್ದು, ಅಯ್ಯನವರ. ಅದು ಬಿಟ್ಟು ಆಕಿ ಒಬ್ಬಾಕಿನೇ ಹ್ಯಾಂಗ ಹೋಗ್ತಾಳ?"

ಅವರು ಇನ್ನೊಂದಿಷ್ಟು ಹೊತ್ತು ನೋಡೋಣ ಎಂದು ಹೊರಗೆ ಹೋಗಿ ಕೂತರು. ನಾನು ಶಿವಶಿವಾ ಎನ್ನುತ್ತ ತಂಗಿಯ ಮೇಲಿನ ನೊಣ ಹೊಡೆಯುತ್ತಿದ್ದೆ.

ಊಟದ ಹೊತ್ತು ಮೀರಿದ ಮೇಲೆ ಬಾಗಿಲಲ್ಲಿ ನೆರಳು ಬಿತ್ತು. ಬುರಖಾ ಹಿಂದಕ್ಕೆ ಸರಿಸಿ, ಬೆವರಿಳಿಸುತ್ತ ಒಬ್ಬಾಕೆ ನಿಂತಿದ್ದಳು. ನನಗಿಂತ ಹಿರಿಯಳು. "ಆಪ್ ಉದಗೀರ್ ವಾಲೇ ಕ್ಯಾ?" ಎಂದು ಕೇಳಿದಳು. ಹೌದೆಂದೆ. ಅವಳು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತುಬಿಟ್ಟಳು.

ಉದಗೀರದಿಂದ ಅಕ್ಕ ಬರುತ್ತಾಳೆಂದು ಬಸಪ್ಪನ ಅಂಗಡಿಯವರು ಅವಳಿಗೆ ಹೇಳಿದ್ದರಂತೆ. ತಂಗಿಯ ಗಂಡ ಇನ್ನೂ ಬಂದಿಲ್ಲ, ವಾಡೆಯಲ್ಲಿ ಹತ್ತು ಜನ ಬಂದು ಹೋಗುವವರು, ಇಲ್ಲಿಡುವುದು ಬೇಡ, ಅಕ್ಕನ ಕೈಗೇ ಕೊಡೋಣ ಎಂದು ಎಲ್ಲವನ್ನೂ ಸೆರಗಿನಲ್ಲಿ ಗಂಟು ಕಟ್ಟಿಕೊಂಡು, ಕೆಲಸ ಬಿಟ್ಟು, ಬೆಳಗಿನ ಗಾಡಿಗೇ ಸ್ಟೇಷನ್ನಿಗೆ ಹೋಗಿದ್ದಳು. ಇಳಿದ ಹೆಂಗಸರ ಮುಖಗಳನ್ನೆಲ್ಲ ನೋಡಿದಳಂತೆ. ನಾವು ಬಂದ ಗಾಡಿ ಅದೇ. ಅವಳ ಮುಂದೆಯೇ ಹಾದು ಬಂದಿರಬೇಕು. ಸಿಗಲಿಲ್ಲವೆಂದು ಮುಂದಿನ ಗಾಡಿಯವರೆಗೂ ಅಲ್ಲೇ ಕಾಯ್ದಿದ್ದಳು. ತಂಗಿಯ ಹಾಗೆ ಇರುವವಳನ್ನು ಹುಡುಕುತ್ತಿದ್ದೆ ಎಂದು ಉರ್ದುವಿನಲ್ಲೇ ಹೇಳಿ ನನ್ನ ಮುಖ ದಿಟ್ಟಿಸಿದಳು. ನಾನು ಅಪ್ಪನ ಹೋಲಿಕೆ. ಮಹಾದೇವಿ ಅವ್ವನ ಹೋಲಿಕೆ.

ಗಂಟು ಬಿಚ್ಚಿದಳು. ತಾಳಿ, ಮೂಗುತಿ, ಕಾಲುಂಗುರ, ಕರಡಿಗೆ. ಕರಡಿಗೆಯನ್ನು ಬೆಳ್ಳಿಯ ತಾಯಿತ ಎಂದುಕೊಂಡಿದ್ದಳು ಪಾಪ. ಅದನ್ನು ತೆರೆದೂ ನೋಡಿರಲಿಲ್ಲ. ಅದೇನೆಂದು ನಾನು ಹೇಳಲಿಲ್ಲ. ಬೆಳಗಿನಿಂದ ಒಂದು ಹನಿ ನೀರೂ ಕುಡಿಯದಂತಿದ್ದ ಆ ಮುಖಕ್ಕೆ ಏನೆಂದು ಹೇಳಲಿ?

ಅಯ್ಯನವರು ಲಿಂಗಕ್ಕೆ ನೀರೆರೆದು, ವಿಭೂತಿ ಹಚ್ಚಿ, ತಂಗಿಯ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಎತ್ತುವಾಗ ಆ ಹೆಂಗಸು ನನ್ನ ಹತ್ತಿರ ಸರಿದು ಬಂದಳು.

"ಇನ್ ಕಾ ನಾಮ್ ಕ್ಯಾ ಥಾ?"

ಎರಡು ವರ್ಷ ಒಂದೇ ನಳದ ನೀರು ಕುಡಿದವಳು ತಂಗಿಯ ಹೆಸರು ಕೇಳುತ್ತಿದ್ದಳು. ಮಹಾದೇವಿ ಎಂದೆ. ಬಾಯೊಳಗೇ ಒಂದೆರಡು ಸಲ ಅಂದುಕೊಂಡಳು.

ಮಣ್ಣು ಕೊಟ್ಟು ಬಂದಾಗ ಮೂಲೆಯ ಖೋಲಿಗೆ ಮತ್ತೆ ಬೀಗವಿತ್ತು. ಅರ್ಧ ಪಾಳಿಯಾದರೂ ಸಿಗುತ್ತದೆಂದು ಕಾರಖಾನೆಗೆ ಹೋದಳಂತೆ. ನಾವು ಗಾಡಿಗೆ ಹೊರಟಾಗಲೂ ಬಂದಿರಲಿಲ್ಲ. ಮುಂದೆ ಬಸಪ್ಪ ಆ ಖೋಲಿ ಬಿಟ್ಟ.

ಒಂದು ಹಗಲು, ಒಂದು ರಾತ್ರಿ ನನ್ನ ತಂಗಿ ಲಿಂಗವಿಲ್ಲದೆ ಇದ್ದಳೆಂಬುದು ಇಂದಿಗೂ ಎದೆಯಲ್ಲಿ ಮುಳ್ಳಿನಂತಿದೆ. ಆದರೆ ಕಡೆಗಳಿಗೆಯಲ್ಲಿ ಅವಳ ಬಾಯಿಗೆ ನೀರು ಬಿಡಲು ಒಬ್ಬರಿದ್ದರು. ಅವಳ ಲಿಂಗ ಅವಳ ಕೈಯಲ್ಲೇ ಹೋಯಿತು. ಅಷ್ಟನ್ನಾದರೂ ಶಿವ ನಡೆಸಿಕೊಟ್ಟ.

ಊರಿಗೆ ಬಂದ ದಿನ ಓಣಿಯ ಹೆಂಗಸರು ರೊಟ್ಟಿ ಕಟ್ಟಿಕೊಂಡು ಬಂದರು. ಎಲ್ಲ ಕೇಳಿದ ಮೇಲೆ ಪಕ್ಕದ ಮನೆಯ ಕಾಶವ್ವ, "ಹೆಸರು ಗೊತ್ತಿಲ್ಲದಾಕಿ ಸಲುವಾಗಿ ಯಾರರೆ ಹಂಗ ನಿಂದರ್ತಾರೇನ?" ಎಂದಳು.

"ಶಹರದಾಗ ನಿಂದರ್ತಾರವ್ವಾ," ಎಂದೆ.

ಹೊತ್ತು ಮುಳುಗುತ್ತ ಬಂದಿತ್ತು. ಅವರು ಎದ್ದು ಹೋದ ಮೇಲೆ, ಕಂದೀಲಿನ ಗಾಜು ತೆಗೆದು ಬೂದಿ ಹಚ್ಚಿ ಒರೆಸತೊಡಗಿದೆ.