ಕಿವಿಮಾವನ ಮೂರು ಸಾವಿರ ಸುತ್ತು

ಶೆಡ್ಡಿನಲ್ಲಿ ಎಲ್ಲರ ಬಾಯಲ್ಲೂ ಅವರು ಕಿವಿಮಾವ. ಆಟದ ದೋಣಿ, ವಿಮಾನಗಳಿಗೆ ಕೂರಿಸುವ ಹೆಬ್ಬೆರಳು ಗಾತ್ರದ ಮೋಟಾರು ತಯಾರಿಸುವ ಆ ಶೆಡ್ಡು ಅವರ ಅಳಿಯನದು, ಅಂದರೆ ಅಕ್ಕನ ಮಗನದು. ಮೋಟಾರಿಗೆ ಎರಡೆಲೆಯ ಪುಟ್ಟ ಫ್ಯಾನು ಸಿಕ್ಕಿಸಿ, ವೈರು ಮುಟ್ಟಿಸಿ, ಅದು ಗುಂಯ್ ಎನ್ನುವುದನ್ನು ಕೇಳಿ "ಇದು ಓಡುತ್ತೆ", "ಇದು ತೆವಳುತ್ತೆ" ಎಂದು ಬೇರ್ಪಡಿಸುವುದು ಮಾವನ ಕೆಲಸ. ಹೆಂಡತಿಯ ಮಾತಿಗೆ ಮಾತ್ರ ಆ ಕಿವಿ ಎಂದೂ ಅಷ್ಟು ಚುರುಕಾಗಿರಲಿಲ್ಲ. ಹಾಗಾಗಿ ಅದು ನಿಜಕ್ಕೂ ಮಂದವಾದದ್ದು ಮನೆಯಲ್ಲಿ ತಡವಾಗಿ ಗೊತ್ತಾಯಿತು. ಟಿವಿ ಸದ್ದಿಗೆ ಪಕ್ಕದ ಮನೆಯವರು ಗೋಡೆ ಗುದ್ದಿದ ಮೇಲೆ.

"ಡಾಕ್ಟ್ರಿಗೆ ತೋರಿಸ್ಕೊಳ್ಳೋಕೆ ಏನ್ರೀ ಕಷ್ಟ?"

"ಹೊರಗೆ ಗೊತ್ತಾದ್ರೆ? ಕಿವಿ ಕೇಳದ ಕಿವಿಮಾವನ್ನ ಯಾರೇ ಇಟ್ಕೋತಾರೆ?"

"ಗೋಡೆ ಆಚೆಯವರಿಗೇ ಗೊತ್ತಾಗಿದೆ, ಇನ್ಯಾವ ಗುಟ್ಟು!"

ಅಷ್ಟರಲ್ಲಿ ಅಳಿಯ ಒಂದು ಮೀಟರು ತಂದ. ತಿರುಗುವ ಫ್ಯಾನಿನ ಹತ್ತಿರ ಹಿಡಿದರೆ, ಎಲೆಗಳು ಬೆಳಕನ್ನು ಎಷ್ಟು ಸಲ ಮರೆಮಾಡಿದವು ಎಂದು ಎಣಿಸಿ, ನಿಮಿಷಕ್ಕೆ ಇಷ್ಟು ಸುತ್ತು ಎಂದು ತೋರಿಸುತ್ತಿತ್ತು.

"ನಿಮ್ಮ ಮೇಲೆ ಅನುಮಾನ ಅಂತಲ್ಲ ಮಾವ. ಗಿರಾಕಿಗಳು ನಂಬರ್ ಕೇಳ್ತಾರೆ."

ಮಾವ ಮುಖ ಊದಿಸಿಕೊಂಡರು. ಒಳಗೊಳಗೇ ಮೀಟರಿಗೆ ಕೈಮುಗಿದರು. ಕಿಟಕಿಯ ಬಿಸಿಲಿಗೆ ಅದರ ಅಂಕಿ ಕಾಣದೆ, ಮೇಜನ್ನು ಹಳೆಯ ಟ್ಯೂಬ್‌ಲೈಟಿನ ಕೆಳಗೆ ಎಳೆದುಕೊಂಡರು. ಅಂದಿನಿಂದ ಎಲ್ಲ ಮೋಟಾರೂ ಮೂರು ಸಾವಿರ. ಬೇಕಾಗಿದ್ದುದೂ ಅಷ್ಟೇ. ಸ್ವಂತ ಮಕ್ಕಳು ಕೂಡ ಇಷ್ಟು ಹೇಳಿದಂತೆ ಕೇಳಿರಲಿಲ್ಲ.

ಆಮೇಲೆ ಡಬ್ಬಗಟ್ಟಲೆ ಮೋಟಾರುಗಳು ವಾಪಸು ಬಂದವು. ದೋಣಿ ಮುಂದಕ್ಕೆ ಹೋಗುತ್ತಿಲ್ಲವಂತೆ. ಅಳಿಯ ಮೋಟಾರಿಗೆ ತಂತಿ ಸುತ್ತುವ ಹೆಂಗಸಿನ ಎದುರು ನಿಂತ.

"ಅಕ್ಕಾ, ಇಲ್ಲಿ ಪಾಸಾಗಿದ್ದು ಅಲ್ಲಿ ಹೋಗಿ ಮಲಗುತ್ತೆ ಅಂದ್ರೆ ನಿಮ್ಮ ತಂತಿ ಸಡಿಲ ಆಗ್ತಿದೆ. ನಾಳೆಯಿಂದ ಬರೋದು ಬೇಡ."

"ಮಾವನ್ನೇ ಕೇಳಿ. ಅವರ ಕಿವಿ ದಾಟಿ ಹೋಗಿರೋ ಮಾಲು!"

ಎಲ್ಲರೂ ಇತ್ತ ತಿರುಗಿದರು. ಮಾತು ಮುಂದೂಡಲು ಮಾವ ವಾಪಸು ಬಂದ ಮೋಟಾರೊಂದನ್ನು ಮೀಟರಿಗೆ ಹಿಡಿದರು. ಮೂರು ಸಾವಿರ. ಅಷ್ಟರಲ್ಲಿ ವೈರು ಜಾರಿತು. ಫ್ಯಾನು ನಿಂತಿತು. ಮೀಟರು ಆಗಲೂ ಮೂರು ಸಾವಿರ ಎಂದಿತು!

ಮೀಟರಿನ ಕಣ್ಣಿಗೆ ಅಂಗೈ ಮುಚ್ಚಿದರು: ಸೊನ್ನೆ. ತೆಗೆದರು: ಮೂರು ಸಾವಿರ. ಮೇಲೆ ನೋಡಿದರು. ಕಣ್ಣಿಗೆ ಕಾಣದಷ್ಟು ಬೇಗ, ನಿಮಿಷಕ್ಕೆ ಆರು ಸಾವಿರ ಸಲ ಮಿಟುಕುವ ಟ್ಯೂಬ್‌ಲೈಟನ್ನೇ ಎರಡೆಲೆಯ ಫ್ಯಾನೆಂದು ಆ ಪುಣ್ಯಾತ್ಮ ಮೀಟರು ಇಷ್ಟು ದಿನ ಎಣಿಸುತ್ತಿತ್ತು.

ಯಾರೂ ಗಮನಿಸಿರಲಿಲ್ಲ. ಮೀಟರಿನ ತಪ್ಪು ಎನ್ನಬಹುದಿತ್ತು. ಆದರೆ ಮೋಟಾರು ಕಿವಿಯ ಪಕ್ಕದಲ್ಲೇ ತೆವಳಿದ್ದು ನಿಮಗೆ ಕೇಳಿಸಲಿಲ್ಲವೇ ಎಂದು ಅಳಿಯ ಕೇಳಿದರೆ? ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಅತ್ತ ಆ ಹೆಂಗಸು ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು.

"ಲೋ, ಬಾ ಇಲ್ಲಿ," ಎಂದರು ಮಾವ. ನಿಂತ ಮೋಟಾರನ್ನೂ ಮೀಟರಿನ ಮೂರು ಸಾವಿರವನ್ನೂ ಮೇಲಿನ ಟ್ಯೂಬ್‌ಲೈಟನ್ನೂ ತೋರಿಸಿದರು.

ಅಳಿಯನಿಗೆ ನಗು ತಡೆಯಲಾಗಲಿಲ್ಲ. "ನಿಂತಲ್ಲೇ ಓಡ್ತಿದೆಯಲ್ಲ ಮಾವ!" ಶೆಡ್ಡಿಗೆ ಶೆಡ್ಡೇ ನಕ್ಕಿತು. ಆಮೇಲೆ ಅವನ ನಗು ಅರ್ಧಕ್ಕೇ ನಿಂತಿತು. "ಮೀಟರು ಹಾಳಾಗ್ಲಿ. ಸದ್ದು ಕೇಳಿದ್ರೆ ನಿಮಗೆ ಗೊತ್ತಾಗ್ಬೇಕಿತ್ತಲ್ವಾ?"

"ಕೇಳಿಸಲ್ಲ ಕಣೋ," ಎಂದರು. "ಎಷ್ಟೋ ದಿನ ಆಯ್ತು. ಅವಳ ತಂತಿಯದು ತಪ್ಪೋ ಅಲ್ವೋ ನಂಗೊತ್ತಿಲ್ಲ. ನಾನು ನೋಡೇ ಇಲ್ಲ, ಅಷ್ಟೇ."

ಅಳಿಯ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಆ ಹೆಂಗಸನ್ನು ಇರಲು ಹೇಳಿ, ಮಾವನ ಸ್ಟೂಲನ್ನು ತಾನೇ ಎತ್ತಿ ಪ್ಯಾಕಿಂಗ್ ಮೇಜಿನ ಬಳಿ ಇಟ್ಟ.

ಮಾರನೆಯ ದಿನ ಅವಳು ಟೀ ತಂದಳು. ಕೃತಜ್ಞತೆಯಿಂದಲೇ ಬಗ್ಗಿ, ಅವರ ಕಿವಿಯ ಹತ್ತಿರ ಬಾಯಿಟ್ಟು, "ಮಾವಾ, ಟೀ!" ಎಂದು ಶೆಡ್ಡು ಹಾರಿಹೋಗುವಂತೆ ಕೂಗಿದಳು.

ಎಲ್ಲರೂ ತಿರುಗಿ ನೋಡಿದರು. ಮಾವ ಲೋಟ ತೆಗೆದುಕೊಂಡು, "ಕೇಳಿಸ್ತಮ್ಮಾ," ಎಂದರು, ಆದಷ್ಟು ಮೆಲ್ಲಗೆ.