ವಿಮಾನಕ್ಕೆ ಮಂದಿ ಹತ್ತಿಸಿದ ಚಂದ್ರಭಾಗಾಬಾಯಿ

ಖಾನಾಪುರದಲ್ಲಿ ಟೆಂಪೋಗಳು ನಿಲ್ಲುವ ಜಾಗದಲ್ಲಿ ಖಾಲಿ ಗಾಡಿಗೆ ಯಾರೂ ಹತ್ತುವುದಿಲ್ಲ. ಮೊದಲು ಹತ್ತಿದವನು ಎಲ್ಲರಿಗಿಂತ ಹೆಚ್ಚು ಹೊತ್ತು ಕಾಯಬೇಕಲ್ಲ! ಹಾಗಾಗಿ ಎಲ್ಲರೂ ಎರಡನೆಯವರಾಗುವ ಆಸೆಯಲ್ಲಿ ಚಹಾ ಅಂಗಡಿ ಮುಂದೆ ನಿಂತಿರುತ್ತಾರೆ. ಈ ಗಂಟು ಬಿಡಿಸುವುದು ಏಜೆಂಟರ ಕೆಲಸ. ತಮ್ಮವರೇ ಇಬ್ಬರನ್ನು ಪ್ರಯಾಣಿಕರಂತೆ ಕೂರಿಸುತ್ತಾರೆ. ಅವರನ್ನು ನೋಡಿ ಉಳಿದವರು ಹತ್ತುತ್ತಾರೆ. ಗಾಡಿ ತುಂಬಿದ ಮೇಲೆ ಆ ಇಬ್ಬರೂ ಏನೋ ಮರೆತವರ ಹಾಗೆ ಇಳಿದು ಹೋಗುತ್ತಾರೆ.

ಈ ವಿದ್ಯೆಯಲ್ಲಿ ಚಂದ್ರಭಾಗಾಬಾಯಿಯನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಗಂಡ ಪಂಢರಿನಾಥ ಡ್ರೈವರ್, ಇವರು ಏಜೆಂಟ್. ಸಂಸಾರದ ಸ್ಟೇರಿಂಗ್ ಯಾರ ಕೈಯಲ್ಲಿತ್ತೆಂದು ಕೇಳಬೇಕಾಗಿಲ್ಲ. ಹನ್ನೆರಡು ಸೀಟಿನ ಗಾಡಿಯಲ್ಲಿ ಹದಿನೇಳು ಜನರನ್ನು, ಎರಡು ಕೋಳಿಗಳನ್ನು ಯಾರ ಮನಸ್ಸಿಗೂ ನೋವಾಗದಂತೆ ಕೂರಿಸುತ್ತಿದ್ದರು. ಕಾನ್ವೆಂಟಿನಲ್ಲಿ ನಮ್ಮನ್ನು ಎತ್ತರದ ಪ್ರಕಾರ ಸಾಲು ನಿಲ್ಲಿಸುತ್ತಿದ್ದ ಸಿಸ್ಟರ್ ಕೈಯಲ್ಲಿ ಬೆತ್ತವಿತ್ತು. ಬಾಯಿಯವರ ಕೈಯಲ್ಲಿ ಏನೂ ಇರಲಿಲ್ಲ. ಬಾಯಿಗೆ ಬಾಯಿಯೇ ಸಾಕಾಗಿತ್ತು.

ಮುಂಬೈಗೆ ಬೆಳಗಿನ ವಿಮಾನ ಶುರುವಾದಾಗ ಅವರು ಹಳೆಯ ರೂಟು ಬಿಟ್ಟು ಖಾನಾಪುರದಿಂದ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಟೆಂಪೋ ಹಚ್ಚಿದರು. ಹಳೆಯ ರೂಟಿಗೆ ಆಗಲೇ ಬೇರೆಯವರು ಬಂದು ಕೂತಿದ್ದರು. ಹಿಂದೆ ಹೋಗುವ ದಾರಿ ಇರಲಿಲ್ಲ. ವಿಮಾನ ನಿಂತರೆ ಟೆಂಪೋವೂ ನಿಂತಂತೆ.

ವಿಮಾನವೋ ಅರ್ಧ ಖಾಲಿ ಹಾರುತ್ತಿತ್ತು. ಆಚೆ ಹುಬ್ಬಳ್ಳಿ, ಈಚೆ ಕೊಲ್ಹಾಪುರ, ಘಾಟು ಇಳಿದರೆ ಗೋವಾದಲ್ಲಿ ಒಂದಲ್ಲ ಎರಡು ನಿಲ್ದಾಣ. ಇರುವ ಒಬ್ಬ ವರನಿಗೆ ಐದು ಮನೆಯವರು ಉಪ್ಪಿಟ್ಟು ಮಾಡಿಟ್ಟು ಕಾದ ಹಾಗೆ. ದೀಪಾವಳಿಗೆ ವೇಳಾಪಟ್ಟಿ ಬದಲಾಗುತ್ತದೆ, ಮುಂಬೈ ವಿಮಾನ ಹುಬ್ಬಳ್ಳಿಗೆ ಹೋಗುತ್ತದೆ ಎಂಬ ಗಾಳಿಸುದ್ದಿ ಹಬ್ಬಿತು. ವಿಮಾನದ ಸುದ್ದಿ ಗಾಳಿಯಲ್ಲಿ ಬರದೆ ಇನ್ನೆಲ್ಲಿ ಬಂದೀತು? ಬಾಯಿಯವರು ನೇರವಾಗಿ ಸಾಂಬ್ರಾದಲ್ಲಿದ್ದ ವಿಮಾನ ಕಂಪನಿಯ ಮ್ಯಾನೇಜರ್ ವಿನೀತನನ್ನು ಹಿಡಿದರು.

“ಖರೇ ಏನ್ರಿ ಸಾಹೇಬ್ರ?”

“ನೋಡೂಣ್ರಿ ಬಾಯಿ. ಮ್ಯಾಲಿನವರು ಲೋಡ್ ನೋಡ್ತಾರ.” ಹಾರುವವರ ಹಾರಿಕೆ ಉತ್ತರ.

“ಎಷ್ಟು ತುಂಬಿದ್ರ ಉಳಿತದ?”

“ದಿನಾ ಮುಕ್ಕಾಲರೆ ತುಂಬಬೇಕ್ರಿ.”

“ಅಷ್ಟ ಹೌದಲ್ರಿ? ಮುಕ್ಕಾಲು ತುಂಬಿದ್ರ ನಮ್ಮವರು ಕೀಲಿ ಸೈತ ತಿರುವೂದಿಲ್ಲ.”

ಮನೆಗೆ ಬರುವಷ್ಟರಲ್ಲಿ ರೋಗ ಯಾವುದೆಂದು ಅವರಿಗೆ ಗೊತ್ತಾಗಿತ್ತು. ಖಾನಾಪುರದ ಅರ್ಧ ನೆಂಟಸ್ತಿಕೆ ಮುಂಬೈಯಲ್ಲಿದೆ. ಆದರೂ ಎಲ್ಲರೂ ರಾತ್ರಿ ಬಸ್ಸಿಗೆ ಮೊಣಕಾಲು ಮಡಚಿಕೊಂಡು ಹೋಗುತ್ತಾರೆ. ವಿಮಾನದಲ್ಲಿ ತಮ್ಮಂಥವರು ಕೂತದ್ದನ್ನು ಯಾರೂ ನೋಡಿಲ್ಲ. ಖಾಲಿ ಗಾಡಿಯ ರೋಗವೇ.

ಹಾಗಾದರೆ ಮೊದಲು ಯಾರನ್ನು ಕೂರಿಸುವುದು? ಬಾಯಿಯವರು ಸಾತವ್ವನನ್ನು ಆರಿಸಿದರು. ಕುರಿಗಾರರ ಮನೆಯ ಸಾತವ್ವ ಸಂತೆಯಲ್ಲಿ ಬೆಣ್ಣೆ ಮಾರುತ್ತಾಳೆ. ಮಾತಿನಲ್ಲಿ ಮಾತ್ರ ಬೆಣ್ಣೆ ಇಲ್ಲ. ಅವಳು ಕಂಡದ್ದು ಬೆಳಿಗ್ಗೆ ಅವಳದ್ದು, ಸಂಜೆ ಇಡೀ ತಾಲೂಕಿನದ್ದು. ಅವಳ ಮಗ ಬೀರೇಶ ಮುಂಬೈಯಲ್ಲಿದ್ದ. ಸೊಸೆ ಪೂನಮ ಆಗತಾನೇ ಹೆತ್ತಿದ್ದಳು.

“ಸಾತವ್ವಾ, ವಿಮಾನದಾಗ ಹೋಗಿ ಮೊಮ್ಮಗಳನ್ನ ನೋಡ್ಕೊಂಡ ಬಾ.”

“ಯವ್ವಾ, ಸತ್ತಮ್ಯಾಲ ಹ್ಯಾಂಗೂ ಮ್ಯಾಲ ಹೋಗೂದೈತಿ. ಈಗ್ಯಾಕ ಗಡಿಬಿಡಿ?”

“ಆವಾಗ ಕಿಡಕಿ ಬಾಜೂ ಸೀಟು ಸಿಗತೈತೇನ? ಬೀರೇಶ ಟಿಕೀಟು ತಗಸೇನಂದಾನ.”

ಕಿಟಕಿಯ ಮಾತಿಗೆ ಸಾತವ್ವ ಸೋತಳು. ಹೊರಡುವ ದಿನ ವಿಮಾನದ ಬಳಿ ಹೋದವಳು ಮೆಟ್ಟಿಲು ಬಿಟ್ಟು ಕಿಟಕಿಯ ಕೆಳಗೆ ನಿಂತು, ಹೆಗಲ ಮೇಲಿನ ಟವೆಲನ್ನು ಸುತ್ತಿ ಎಸೆಯಲು ಗುರಿ ಹಿಡಿದಳಂತೆ. ಬಸ್ಸಿನಲ್ಲಿ ಸೀಟು ಹಿಡಿಯುವುದು ಹಾಗೇ ತಾನೇ! ಅಲ್ಲಿದ್ದ ಹುಡುಗಿ ಕೈಹಿಡಿದು ಮೆಟ್ಟಿಲಿನತ್ತ ಕರೆದೊಯ್ದಳು.

ಹದಿನೈದು ದಿನಕ್ಕೆ ಸಾತವ್ವ ತಿರುಗಿ ಬಂದಳು. ಮುಂದಿನ ಸಂತೆಗೆ ಬಾಯಿಯವರು ಬೇಗ ಹೋಗಿ, ತರಕಾರಿ ಕೊಳ್ಳುವ ನೆಪದಲ್ಲಿ ಕಿವಿಗೊಟ್ಟು ನಿಂತರು. ಕೇಳಿದ್ದು ಕೇಳಿ, ಆರಿಸಿದ್ದ ತರಕಾರಿಯನ್ನು ತಿರುಗಿ ರಾಶಿಗೇ ಹಾಕಿದರು.

“ಏನ ಹಾಳ ವಿಮಾನೋ ಯಪ್ಪಾ!” ಸಾತವ್ವ ತಕ್ಕಡಿ ಕೆಳಗಿಟ್ಟು ಕೂಗುತ್ತಿದ್ದಳು. “ಕುಂದ್ರೂದ್ರಾಗ ಇಳೀ ಅಂತಾರ! ರೊಟ್ಟಿ ಗಂಟು ಬಿಚ್ಚಬೇಕ ಅನ್ನೂದ್ರಾಗ ಮುಂಬೈ ಬಂತು. ಬಾಜೂ ಕುಂತಾಕಿ ಮಗಳಿಗೆ ಎಲ್ಲಿ ವರಾ ಸಿಕ್ತು ಅಂತ ಹೇಳಾಕ ಹತ್ತಿದ್ಲು, ಹೆಸರು ಕೇಳೂ ಪುರಸೊತ್ತು ಕೊಡ್ಲಿಲ್ಲ. ಕೊಟ್ಟ ರೊಕ್ಕಕ್ಕ ಇನ್ನೊಂದು ತಾಸರೆ ಕುಂದರಸಬಾರದೇನ?”

ಬೆಣ್ಣೆ ಕೊಳ್ಳಲು ಬಂದಿದ್ದ ಹಣಮಪ್ಪ ಮುಂಬೈ ಬಸ್ಸಿನ ಹಳೆಯ ಗಿರಾಕಿ, ಮೊಣಕಾಲು ನೋವಿನ ಮನುಷ್ಯ. ಅವನು ಬೆಣ್ಣೆಯನ್ನೇ ಮರೆತ.

“ರೊಟ್ಟಿ ಬಿಚ್ಚೂದ್ರಾಗ ಬಂತು?”

“ಹೂಂ ಮತ್ತ! ಕಾಲು ಜೋಮು ಸೈತ ಹಿಡೀಲಿಲ್ಲ!”

ಬಾಯಿಯವರ ಜೀವ ತಿರುಗಿ ಬಂತು. ಈಗ ಸುಮ್ಮನಿದ್ದರೆ ಅವರು ಎಂಥ ಏಜೆಂಟ್? ಗದ್ದಲದ ನಡುವೆ ನುಗ್ಗಿ ಬೇಕೆಂದೇ ಗದರಿದರು: “ಸಾಕು ಮಾಡ ಸಾತವ್ವಾ! ಹಿಂಗ ಬೈದ್ರ ಮಂದಿ ಹತ್ತತಾರೇನ?”

“ಯಾಕ ಬೈಬಾರ್ದು? ಖರೇದ ಹೇಳತೇನಿ!” ಸಾತವ್ವ ಇನ್ನೂ ಏರಿದ ದನಿಯಲ್ಲಿ ಮೊದಲಿನಿಂದ ಶುರು ಮಾಡಿದಳು. ಜನ ಇನ್ನಷ್ಟು ಸೇರಿದರು.

ಮರುವಾರ ಹಣಮಪ್ಪ ಹಾರಿದ. ಮತ್ತೆ ಅವನ ಅಣ್ಣತಮ್ಮಂದಿರು. ಸಾತವ್ವನ ದೂರು ಬೆಳಗಾವಿಯ ವಡಗಾವಿಗೂ ಮುಟ್ಟಿ, ಸೀರೆಯ ಮಾದರಿ ಹೊತ್ತು ರಾತ್ರಿ ಬಸ್ಸಿಗೆ ಹೋಗುತ್ತಿದ್ದ ನೇಕಾರರು ವಿಚಾರಿಸತೊಡಗಿದರು. ನವರಾತ್ರಿಯ ಹೊತ್ತಿಗೆ ಬಾಯಿಯವರು ಸಾತವ್ವನನ್ನು ಟೆಂಪೋದ ಮುಂದಿನ ಸೀಟಿನಲ್ಲೇ ಕೂರಿಸತೊಡಗಿದರು. ಬೆಣ್ಣೆಯ ಗಡಿಗೆ ತೊಡೆಯ ಮೇಲೆ, ವಿಮಾನದ ಬೈಗುಳ ಬಾಯಲ್ಲಿ. ಗಾಡಿ ತುಂಬಿತೆಂದರೆ ಅವಳು ಇಳಿದು ಸಂತೆಗೆ ಹೋಗುತ್ತಿದ್ದಳು.

ದೀಪಾವಳಿಯ ಹಿಂದಿನ ವಾರ ಸಾಂಬ್ರಾದಲ್ಲಿ ಟೆಂಪೋ ನಿಲ್ಲುತ್ತಲೇ ವಿನೀತ ಹೊರಗೆ ಬಂದ. ಪಂಢರಿನಾಥ ಇಂಜಿನ್ ಬಂದ್ ಮಾಡಿದ. ಆ ಗಾಡಿಯ ಸದ್ದಿನಲ್ಲಿ ಒಳ್ಳೆಯ ಸುದ್ದಿಯೂ ಕೇಳಿಸುವುದಿಲ್ಲ.

“ಉಳೀತ್ರಿ ಬಾಯಿ. ಬೇಸಿಗಿ ತನಕ. ಮುಂದ ಮತ್ತ ನೋಡ್ತಾರ.”

ಬಾಯಿಯವರು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಬೆವರೇ ಇರಬೇಕು ಎಂದು ಪಂಢರಿನಾಥ ಇವತ್ತಿಗೂ ನನ್ನೆದುರು ವಾದಿಸುತ್ತಾನೆ.

“ನೀವ ಒಂದ್ಸಲಾನೂ ಹತ್ತಿಲ್ಲಲ್ರಿ,” ಎಂದ ವಿನೀತ. “ಯಾವಾಗ ಹತ್ತೋರು?”

“ಏಜೆಂಟ್ ಮಂದಿ ಕಡೀಕ ಹತ್ತೂದ್ರಿ ಸಾಹೇಬ್ರ. ಎಲ್ಲಾರೂ ಕುಂತ ಮ್ಯಾಲ ಸೀಟು ಉಳಿದ್ರ.”

“ಇವತ್ತ ಎರಡು ಉಳದಾವ.”

ಚಂದ್ರಭಾಗಾಬಾಯಿ ಅವನನ್ನು ಹೋಂವರ್ಕ್ ಮಾಡದೆ ಬಂದ ಹುಡುಗನ ಹಾಗೆ ನೋಡಿದರು. “ಎರಡ? ಮದಲ ಹೇಳಬಾರದೇನ್ರಿ!” ಎಂದವರೇ ಗಂಡನಿಗೆ ಗಾಡಿ ತಿರುಗಿಸಲು ಹೇಳಿ, ಮೊಬೈಲು ತೆಗೆದು ನಾಳೆಯ ವಿಮಾನದಲ್ಲಾದರೂ ಸೀಟು ಉಳಿಯದಿರಲು, ಯಾರ ಮೊಣಕಾಲು ನೋಯುತ್ತಿದೆ ಎಂದು ಸಾತವ್ವನನ್ನು ಕೇಳತೊಡಗಿದರು.